ಸರಣಿ ಸಿನಿಮಾ ಕೆಟ್ಟರೆ ಬೈಯಬೇಕಾದ್ದು ಯಾರನ್ನ? ಅಭಿಮಾನಿಯನ್ನಾ, ನಿರ್ದೇಶಕನನ್ನಾ, ದುಡ್ಡು ಹಾಕಿದವರನ್ನಾ?

ಕೊನೇ ಸಾಲಿನ ಸೀಟು

ಮೊನ್ನೆ ನನಗೂ ನನ್ನ ತಮ್ಮನಿಗೂ ದೊಡ್ಡ ಜಗಳ ಆಯಿತು. ಆಸ್ತಿಗಲ್ಲ, ‘ಸ್ಟಾರ್ ವಾರ್ಸ್’ ಸಿನಿಮಾ ಸರಣಿಗೆ. ರಾತ್ರಿ ಹತ್ತಕ್ಕೆ ಶುರುವಾದದ್ದು ಒಂದೂವರೆಗೆ ನಿಂತಿತು. ಅದೂ ಅವನಿಗೆ ನಿದ್ದೆ ಬಂತು ಅಂತ.

ಅವನ ವಾದ ಇಷ್ಟು. 2017ರ ‘ದಿ ಲಾಸ್ಟ್ ಜೆಡೈ’ ಭಾಗದಲ್ಲಿ ನಿರ್ದೇಶಕ ರಯಾನ್ ಜಾನ್ಸನ್ ತನ್ನ ಜಾಣತನ ತೋರಿಸಲು ಹೋಗಿ ನಲವತ್ತು ವರ್ಷದ ಕಥೆಯ ಕುತ್ತಿಗೆ ಹಿಸುಕಿದರು. ನನ್ನ ವಾದ ಬೇರೆ. ಆ ಸಿನಿಮಾದಲ್ಲಿ ತಪ್ಪುಗಳಿದ್ದವು, ಆದರೆ ಧೈರ್ಯವೂ ಇತ್ತು. ನಿಜವಾಗಿ ಕೆಟ್ಟದ್ದು 2019ರಲ್ಲಿ ಬಂದ ಅದರ ಮುಂದಿನ ಭಾಗ. ಅದು ಕಥೆ ಹೇಳಲಿಲ್ಲ. ಸಿಟ್ಟಾದ ಅಭಿಮಾನಿಗಳ ಮುಂದೆ ಕೈಮುಗಿದು ನಿಂತಿತು. ಹಿಂದಿನ ಭಾಗ ಕಟ್ಟಿದ್ದನ್ನೆಲ್ಲ ಒಂದೊಂದಾಗಿ ಬಿಚ್ಚಿತು.

ನನಗೆ ಮರೆಯಲಾಗದ್ದು ಕೆಲ್ಲಿ ಮೇರಿ ಟ್ರಾನ್ ಎಂಬ ನಟಿಯ ಕಥೆ. ‘ಲಾಸ್ಟ್ ಜೆಡೈ’ಯಲ್ಲಿ ಆಕೆಯದು ದೊಡ್ಡ ಪಾತ್ರ. ಆಮೇಲೆ ಬಂದ ಬೈಗುಳ, ಜನಾಂಗದ ಹೆಸರಿನ ನಿಂದನೆ ಎಷ್ಟಿತ್ತೆಂದರೆ 2018ರಲ್ಲಿ ಆಕೆ ಇನ್‌ಸ್ಟಾಗ್ರಾಂನಲ್ಲಿ ಹಾಕಿದ್ದನ್ನೆಲ್ಲ ಅಳಿಸಿಬಿಟ್ಟರು. ಮುಂದಿನ ಭಾಗ ಎರಡೂಕಾಲು ಗಂಟೆಗೂ ಜಾಸ್ತಿ ಇದೆ. ಅದರಲ್ಲಿ ಆಕೆ ಕಾಣಿಸುವುದು ಒಂದೂವರೆ ನಿಮಿಷಕ್ಕಿಂತ ಕಡಿಮೆ. ಇದನ್ನು ನಾನು ಹೇಳಿದಾಗ ತಮ್ಮ ಸುಮ್ಮನಾದ. ಆಮೇಲೆ ಒಂದು ಮಾತು ಕೇಳಿದ: ‘ಅಕ್ಕ, ಹಾಗಾದರೆ ಟಿಕೆಟ್ ಕೊಂಡವನಿಗೆ ಸಿಟ್ಟು ಮಾಡ್ಕೊಳ್ಳೋ ಹಕ್ಕೇ ಇಲ್ವಾ?’

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅದಕ್ಕೇ ಇಲ್ಲಿಗೆ ಬಂದೆ. ಒಂದು ಸರಣಿ ಕೆಟ್ಟರೆ ನೀವು ಮೊದಲು ಯಾರನ್ನ ಬೈಯುತ್ತೀರಿ?

(ನಮ್ಮ ಕಡೆಯ ಸರಣಿಗಳಿಗೆ ಬೇರೆ ಎಳೆ ತೆರೆಯಿರಿ, ದಯವಿಟ್ಟು. ಇಲ್ಲಿ ತಂದರೆ ಮೂರನೇ ಉತ್ತರಕ್ಕೇ ಹೀರೋಗಳ ಹೆಸರಲ್ಲಿ ಹೊಡೆದಾಟ ಶುರುವಾಗುತ್ತದೆ.)

ಟೈಟಲ್ ಕಾರ್ಡ್

ಅಭಿಮಾನಿಗಳನ್ನೇ. ಯೋಚನೆ ಮಾಡುವ ಅಗತ್ಯವೇ ಇಲ್ಲ.

1988ರಲ್ಲಿ ಮೈಕೆಲ್ ಕೀಟನ್‌ರನ್ನು ಬ್ಯಾಟ್‌ಮ್ಯಾನ್ ಮಾಡುತ್ತೇವೆ ಅಂದಾಗ ಸ್ಟುಡಿಯೋಗೆ ಸುಮಾರು 50 ಸಾವಿರ ವಿರೋಧದ ಪತ್ರ ಬಂದವಂತೆ. ಇಂಟರ್ನೆಟ್ ಇಲ್ಲದ ಕಾಲ. ಕೂತು ಬರೆದು, ಅಂಚೆಚೀಟಿ ಅಂಟಿಸಿ, ಡಬ್ಬಿಗೆ ಹಾಕಿ ಬಂದ ಸಿಟ್ಟು ಅದು. ಅವರೆಲ್ಲರ ಪ್ರಕಾರ ಕೀಟನ್ ಬರೀ ಹಾಸ್ಯನಟ. 1989ರಲ್ಲಿ ಸಿನಿಮಾ ಬಂತು. ಈಗ ಅದೇ ಅಭಿಮಾನಿಗಳಿಗೆ ಅವರೇ ‘ನಿಜವಾದ ಬ್ಯಾಟ್‌ಮ್ಯಾನ್’.

2005ರಲ್ಲಿ ಡೇನಿಯಲ್ ಕ್ರೇಗ್ ಜೇಮ್ಸ್ ಬಾಂಡ್ ಅಂದಾಗಲೂ ಇದೇ ಕಥೆ. ಕೂದಲು ಬಂಗಾರದ ಬಣ್ಣದ್ದು, ಬಾಂಡ್ ಹೀಗಿರಲ್ಲ ಅಂತ ಬಹಿಷ್ಕಾರಕ್ಕೇ ಒಂದು ವೆಬ್‌ಸೈಟ್ ಮಾಡಿದರು. ಮರುವರ್ಷ ‘ಕ್ಯಾಸಿನೊ ರಾಯಲ್’ ಬಂತು. ಕ್ರೇಗ್ ಐದು ಸಿನಿಮಾ ಮಾಡಿ 2021ರಲ್ಲಿ ಬಿಟ್ಟಾಗ ಅದೇ ಜನ ಕಣ್ಣೀರು ಹಾಕಿದರು. ಹೀತ್ ಲೆಜರ್ ಜೋಕರ್ ಆದಾಗಲೂ ಬೈದಿದ್ದರು. ಆ ಪಾತ್ರಕ್ಕೆ ಆಸ್ಕರ್ ಬಂತು, ತೆಗೆದುಕೊಳ್ಳಲು ಅವರೇ ಇರಲಿಲ್ಲ.

ಅಭಿಮಾನಿಗೆ ತಾನು ಆಗಲೇ ನೋಡಿದ್ದು ಬೇಕು. ನೋಡದೇ ಇರುವುದನ್ನ ಬೇಕು ಅಂತ ಅವನು ಕೇಳುವುದಾದರೂ ಹೇಗೆ?

ಗುಂಡುಸೂಜಿ

ಮತ್ತೆ ಆ ವಿಡಿಯೋ ಗೇಮ್ ಸಾನಿಕ್‌ನ ಸಿನಿಮಾ? ಆ ಹಲ್ಲು ನೋಡಿದ್ದೀರಾ?

ಟೈಟಲ್ ಕಾರ್ಡ್

ನೋಡಿದ್ದೇನೆ ಮಾರಾಯ್ರೇ. ಅದೊಂದು ವಿಷಯದಲ್ಲಿ ಅಭಿಮಾನಿಗಳು ಸರಿ. ಮನುಷ್ಯರ ಹಲ್ಲು ಇಟ್ಟುಕೊಂಡ ಮುಳ್ಳುಹಂದಿ ಯಾರಿಗೂ ಬೇಡವಾಗಿತ್ತು.

ಫ್ರೇಮ್ 24

ಸಾನಿಕ್ ಹೆಸರು ಬಂದ ಮೇಲೆ ಸುಮ್ಮನಿರಲು ಆಗುವುದಿಲ್ಲ. ನಾನು ವಿಎಫ್‌ಎಕ್ಸ್, ಅಂದರೆ ಸಿನಿಮಾದ ಗ್ರಾಫಿಕ್ಸ್ ಕೆಲಸದವನು. ಕಾಂಪೋಸಿಟಿಂಗ್ ಮಾಡುತ್ತೇನೆ. ಬೇರೆ ಬೇರೆಯಾಗಿ ಬಂದ ಚಿತ್ರದ ಪದರಗಳನ್ನು ಒಂದೇ ಶಾಟ್ ಅನ್ನುವ ಹಾಗೆ ಕೂರಿಸುವ ಕೆಲಸ.

ಮೊದಲು ಗೊತ್ತಿರುವ ಕಥೆ. 2019ರ ಏಪ್ರಿಲ್ ಕೊನೆಗೆ ಟ್ರೇಲರ್ ಬಂತು, ಜನ ಉಗಿದರು. ಎರಡೇ ದಿನದಲ್ಲಿ ನಿರ್ದೇಶಕ ಜೆಫ್ ಫೌಲರ್ ‘ಬದಲಾಯಿಸುತ್ತೇವೆ’ ಅಂದರು. ನವೆಂಬರ್‌ಗೆ ಬರಬೇಕಿದ್ದ ಸಿನಿಮಾ 2020ರ ಫೆಬ್ರವರಿ 14ಕ್ಕೆ ಹೋಯಿತು. ಹೊಸ ಸಾನಿಕ್ ಎಲ್ಲರಿಗೂ ಇಷ್ಟವಾದ. ಸಿನಿಮಾ ಗೆದ್ದಿತು, ಎರಡು ಮುಂದಿನ ಭಾಗ ಬಂದವು. ಅಭಿಮಾನಿಗಳ ಮಾತು ಕೇಳಿದರೆ ಒಳ್ಳೆಯದಾಗುತ್ತದೆ ಅನ್ನಲು ಎಲ್ಲರೂ ಕೊಡುವ ಉದಾಹರಣೆ ಇದು.

ನನ್ನ ಕಣ್ಣು ಬೀಳುವುದು ಬೇರೆ ಕಡೆ. ಅಲ್ಲಿ ದಿನಾಂಕ ಮುಂದೆ ಹೋಯಿತು. ಮೂರು ತಿಂಗಳು! ನಮ್ಮ ಕಸುಬಿನಲ್ಲಿ ಇದು ಪವಾಡ.

ನಾನು ಕೆಲಸ ಮಾಡಿದ ಒಂದು ಸಂಸ್ಥೆಯಲ್ಲಿ ಹೀಗಾಗಿತ್ತು. ಯಾವುದು, ಯಾವ ಸಿನಿಮಾ ಅಂತ ಕೇಳಬೇಡಿ. ಒಂದು ಸರಣಿಯ ಮೂರನೇ ಭಾಗ. ಬಿಡುಗಡೆಗೆ ಏಳು ವಾರ ಇದ್ದಾಗ ಕೊನೆಯ ಹೊಡೆದಾಟ ನಡೆಯುವ ಜಾಗವೇ ಬದಲಾಯಿತು. ರಾತ್ರಿ ನಡೆಯುತ್ತಿದ್ದದ್ದು ಹಗಲಾಯಿತು. ಯಾಕೆ ಅಂತ ನಮಗೆ ಯಾರೂ ಹೇಳಲಿಲ್ಲ. ಪ್ರಾಯೋಗಿಕ ಪ್ರದರ್ಶನದಲ್ಲಿ ಯಾರೋ ‘ಸರಿಯಾಗಿ ಕಾಣಲ್ಲ’ ಅಂದರಂತೆ. ದಿನಾಂಕ ಮಾತ್ರ ಅದೇ. ನಾನು ಹದಿನೆಂಟು ದಿನ ಮನೆಗೆ ಹೋದದ್ದು ಸ್ನಾನಕ್ಕೆ, ಬಟ್ಟೆಗೆ ಅಷ್ಟೇ. ಸಿನಿಮಾ ಬಂದ ಮೇಲೆ ಅದೇ ದೃಶ್ಯದ ತುಣುಕು ಹಾಕಿ ‘ಗ್ರಾಫಿಕ್ಸ್ ಮಾಡಿದವರು ಸೋಮಾರಿಗಳು’ ಅಂತ ಒಬ್ಬ ವಿಡಿಯೋ ಮಾಡಿದ. ಅದನ್ನು ಲಕ್ಷಗಟ್ಟಲೆ ಜನ ನೋಡಿದರು. ನಾನೂ ನೋಡಿದೆ. ಅವನು ತೋರಿಸಿದ ತಪ್ಪುಗಳೆಲ್ಲ ಸರಿಯಾಗಿಯೇ ಇದ್ದವು ಅನ್ನಿ.

ಹಾಗಾಗಿ ನನ್ನ ಉತ್ತರ: ನಾನು ಬೈಯುವುದು ಕ್ಯಾಲೆಂಡರನ್ನ. ಆಮೇಲೆ ಆ ಕ್ಯಾಲೆಂಡರ್ ನೇತುಹಾಕಿದವರನ್ನ.

ಗುಂಡುಸೂಜಿ

ಹದಿನೆಂಟು ದಿನ! ನಿಮ್ಮ ಮುಂದೆ ನನ್ನ ಹಲ್ಲಿನ ಜೋಕು ಸಣ್ಣದಾಯಿತು ಸರ್.

ಲೆಕ್ಕದ ಪುಸ್ತಕ

ಫ್ರೇಮ್ 24 ಅವರು ಗಾಯದ ಮೇಲೇ ಬೆರಳಿಟ್ಟಿದ್ದಾರೆ. ದಿನಾಂಕ ಯಾಕೆ ಅಲುಗಾಡುವುದಿಲ್ಲ ಅನ್ನುವುದನ್ನ ನಾನು ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಕ್ಷಮಿಸಿ.

ಸರಣಿ ಸಿನಿಮಾ ಅಂದರೆ ಬರೀ ಸಿನಿಮಾ ಅಲ್ಲ. ಟಿಕೆಟ್ ದುಡ್ಡಿನಲ್ಲಿ ಹೆಚ್ಚುಕಡಿಮೆ ಅರ್ಧ ಚಿತ್ರಮಂದಿರದವರಿಗೆ ಹೋಗುತ್ತದೆ. ಪ್ರಚಾರದ ಖರ್ಚು ತಯಾರಿಕೆ ಖರ್ಚಿನ ಹೊರಗೆ. ಅದಕ್ಕೇ ಖರ್ಚಿನ ಎರಡು, ಎರಡೂವರೆ ಪಟ್ಟು ಬಂದರೆ ಮಾತ್ರ ಉಸಿರಾಡಬಹುದು ಅಂತ ಒಂದು ಒರಟು ಲೆಕ್ಕ ಇದೆ. ಉಳಿದ ದುಡ್ಡು ಬರುವುದು ಆಟಿಕೆ, ಬಟ್ಟೆ, ವಿಡಿಯೋ ಗೇಮ್, ಥೀಮ್ ಪಾರ್ಕ್, ಒಟಿಟಿಯಿಂದ. ಆಟಿಕೆಯವನಿಗೆ ಅಚ್ಚು ಮಾಡಿಸಲು ಬಹಳ ಮೊದಲೇ ಪಾತ್ರದ ರೂಪ ಬೇಕು. ಚಿತ್ರಕಥೆ ಮುಗಿದಿದೆಯೋ ಇಲ್ಲವೋ ಅವನಿಗೆ ಬೇಕಿಲ್ಲ. ಅಂಗಡಿಯ ಕಪಾಟು ಆಗಲೇ ಕಾದಿರಿಸಿ ಆಗಿರುತ್ತದೆ.

ಇದಕ್ಕೆ ದಾರಿ ತೋರಿಸಿದ್ದು ಒಬ್ಬ ವ್ಯಾಪಾರಿ ಅಲ್ಲ, ಒಬ್ಬ ನಿರ್ದೇಶಕ. ಮೊದಲ ‘ಸ್ಟಾರ್ ವಾರ್ಸ್’ ಮಾಡುವಾಗ ಜಾರ್ಜ್ ಲ್ಯೂಕಸ್ ಸಂಬಳ ಜಾಸ್ತಿ ಕೇಳಲಿಲ್ಲ. 1.5 ಲಕ್ಷ ಡಾಲರ್‌ಗೇ ಒಪ್ಪಿಕೊಂಡು, ಮುಂದಿನ ಭಾಗಗಳ ಹಕ್ಕು ಮತ್ತು ಆಟಿಕೆಗಳ ಹಕ್ಕು ತನಗಿರಲಿ ಅಂದರು. ಸ್ಟುಡಿಯೋದವರು ಇದರಲ್ಲೇನಿದೆ ಅಂತ ಕೊಟ್ಟುಬಿಟ್ಟರು. 1977ರಲ್ಲಿ ಸಿನಿಮಾ ಎಷ್ಟು ಓಡಿತೆಂದರೆ ಕ್ರಿಸ್‌ಮಸ್ ಹೊತ್ತಿಗೆ ಆಟಿಕೆಗಳೇ ತಯಾರಿರಲಿಲ್ಲ. ಕೆನ್ನರ್ ಕಂಪನಿ ಏನು ಮಾಡಿತು ಗೊತ್ತಾ? ಒಂದು ರಟ್ಟಿನ ಪೊಟ್ಟಣದಲ್ಲಿ ಚೀಟಿ ಇಟ್ಟು ಮಾರಿತು. ಗೊಂಬೆಗಳನ್ನ ಆಮೇಲೆ ಅಂಚೆಯಲ್ಲಿ ಕಳಿಸುತ್ತೇವೆ ಅಂತ ಚೀಟಿ. ಖಾಲಿ ಪೊಟ್ಟಣಕ್ಕೂ ಗಿರಾಕಿ ಇದ್ದಾನೆ ಅಂತ ಉದ್ಯಮಕ್ಕೆ ಗೊತ್ತಾದ ಕ್ಷಣ ಅದು.

ಬ್ಯಾಟ್‌ಮ್ಯಾನ್ ಕಥೆ ಇನ್ನೂ ಸ್ಪಷ್ಟ. 1992ರಲ್ಲಿ ಟಿಮ್ ಬರ್ಟನ್ ಮಾಡಿದ ಎರಡನೇ ಭಾಗ ಕತ್ತಲೆಕತ್ತಲೆಯಾಗಿತ್ತು. ಮಕ್ಕಳ ಊಟದ ಪೊಟ್ಟಣದ ಜೊತೆ ಅದರ ಆಟಿಕೆ ಕೊಡುತ್ತಿದ್ದರು. ಅಪ್ಪ ಅಮ್ಮಂದಿರು ಗಲಾಟೆ ಮಾಡಿದರು. ಬರ್ಟನ್‌ರನ್ನು ನಿರ್ದೇಶಕನ ಕುರ್ಚಿಯಿಂದ ಪಕ್ಕಕ್ಕೆ ಸರಿಸಿದರು. ಬಣ್ಣ, ಬೆಳಕು, ಹೊಸ ಹೊಸ ವಾಹನ, ಹೊಸ ಹೊಸ ಕವಚ ಬಂದವು. ಅದು ಹೋಗಿ ತಲುಪಿದ್ದು 1997ರ ‘ಬ್ಯಾಟ್‌ಮ್ಯಾನ್ ಆ್ಯಂಡ್ ರಾಬಿನ್’ಗೆ. ಆ ಸಿನಿಮಾಗೆ ಅದರ ನಿರ್ದೇಶಕ ಜೋಯೆಲ್ ಶೂಮಾಕರ್ ಆಮೇಲೆ ಕ್ಷಮೆ ಕೇಳಿದರು. ಮುಂದಿನ ಬ್ಯಾಟ್‌ಮ್ಯಾನ್ ಬರಲು ಎಂಟು ವರ್ಷ ಬೇಕಾಯಿತು. ಆಟಿಕೆ ಉಳಿಸಲು ಹೋಗಿ ಆಟಿಕೆ ಮಾರುವ ಕುದುರೆಯನ್ನೇ ಮಲಗಿಸಿದರು.

ದಿನಾಂಕಕ್ಕೆ ಇನ್ನೊಂದು ಕಾರಣ ಹಕ್ಕು. ಇಷ್ಟು ವರ್ಷದೊಳಗೆ ಸಿನಿಮಾ ಶುರು ಮಾಡದಿದ್ದರೆ ಪಾತ್ರಗಳು ಮೂಲ ಮಾಲೀಕರಿಗೆ ಹಿಂದಕ್ಕೆ ಹೋಗುತ್ತವೆ ಅಂತ ಕರಾರು ಇರುತ್ತದೆ. ‘ಫೆಂಟಾಸ್ಟಿಕ್ ಫೋರ್’ನ ಮೊದಲ ಸಿನಿಮಾ ಯಾರಾದರೂ ಚಿತ್ರಮಂದಿರದಲ್ಲಿ ನೋಡಿದ್ದೀರಾ? ನೋಡಿರಲು ಸಾಧ್ಯವೇ ಇಲ್ಲ. ಹಕ್ಕಿನ ಅವಧಿ ಮುಗಿಯುವ ಹೊತ್ತಿಗೆ, 1992ರ ಕೊನೆಯಲ್ಲಿ ಅದರ ಚಿತ್ರೀಕರಣ ಶುರು ಮಾಡಿದರು. ಸುಮಾರು 10 ಲಕ್ಷ ಡಾಲರ್‌ನಲ್ಲಿ ಮುಗಿಸಿದರು. ಕಲಾವಿದರು ಪಾಪ ಪ್ರಚಾರಕ್ಕೆ ಓಡಾಡಿದರು. ಸಿನಿಮಾ ಅಧಿಕೃತವಾಗಿ ಬಿಡುಗಡೆಯೇ ಆಗಲಿಲ್ಲ.

ಕೊನೇ ಸಾಲಿನ ಸೀಟು

ಖಾಲಿ ಪೊಟ್ಟಣದ ಕಥೆ ತಮ್ಮನಿಗೆ ಓದಿ ಹೇಳಿದೆ. ‘ಆ ಚೀಟಿ ಈಗ ಸಿಕ್ಕರೆ ಎಷ್ಟಾಗುತ್ತೆ?’ ಅಂತ ಕೇಳಿದ. ಇವನನ್ನ ತಿದ್ದಲು ಆಗಲ್ಲ ಬಿಡಿ.

ಒಂದು ಅನುಮಾನ. ಲ್ಯೂಕಸ್ 2012ರಲ್ಲಿ ಕಂಪನಿಯನ್ನ ಡಿಸ್ನಿಗೆ ಸುಮಾರು 405 ಕೋಟಿ ಡಾಲರ್‌ಗೆ ಮಾರಿದರಲ್ಲ. ಅಷ್ಟು ದುಡ್ಡು ಸುರಿದವರು ಬೇಗ ಬೇಗ ವಾಪಸ್ ಬರಲಿ ಅನ್ನುವುದು ಸಹಜ ತಾನೇ? ಹಾಗಾದರೆ ಕಥೆಯ ಖಳನಾಯಕ ಸ್ಟುಡಿಯೋನೇನಾ?

ಕತ್ತರಿ ಪ್ರಯೋಗ

ಅಷ್ಟು ಸುಲಭ ಇದ್ದಿದ್ದರೆ ಚೆನ್ನಾಗಿತ್ತು ಮೇಡಂ. ಪ್ರತಿಭಾವಂತ ನಿರ್ದೇಶಕ, ದುಡ್ಡಿನಾಸೆಯ ಸ್ಟುಡಿಯೋ ಅನ್ನುವ ಕಥೆಯನ್ನ ನಿರ್ದೇಶಕರೇ ಸಂದರ್ಶನಗಳಲ್ಲಿ ಹೇಳಿ ಹೇಳಿ ನಮ್ಮ ತಲೆಯಲ್ಲಿ ಕೂರಿಸಿದ್ದಾರೆ. ಗೆದ್ದರೆ ದೃಷ್ಟಿ ತಮ್ಮದು, ಸೋತರೆ ಸ್ಟುಡಿಯೋ ಕೈಹಾಕಿತು.

‘ಲಾರ್ಡ್ ಆಫ್ ದಿ ರಿಂಗ್ಸ್’ ತೆಗೆದುಕೊಳ್ಳಿ. ಮೊದಲು ಇದ್ದ ಕಂಪನಿ ಎಲ್ಲವನ್ನೂ ಒಂದೇ ಸಿನಿಮಾಗೆ ತುಂಬಿ ಅಂದಿತು. ನಿರ್ದೇಶಕ ಪೀಟರ್ ಜಾಕ್ಸನ್ ಎರಡು ಸಿನಿಮಾದ ಯೋಜನೆ ಹಿಡಿದುಕೊಂಡು ನ್ಯೂ ಲೈನ್ ಅನ್ನುವ ಸ್ಟುಡಿಯೋಗೆ ಹೋದರು. ಅಲ್ಲಿದ್ದ ಬಾಬ್ ಶೇ ‘ಪುಸ್ತಕ ಮೂರಿವೆ, ಸಿನಿಮಾ ಎರಡೇ ಯಾಕೆ?’ ಅಂತ ಕೇಳಿದರು. ದುಡ್ಡಿನ ಕುರ್ಚಿಯಲ್ಲಿ ಕೂತವರೇ ಕಥೆಗೆ ಜಾಗ ಮಾಡಿಕೊಟ್ಟರು. ಅದರಿಂದ ಆ ಮೂರು ಸಿನಿಮಾ ಹುಟ್ಟಿದವು.

ಈಗ ‘ದಿ ಹಾಬಿಟ್’ ನೋಡಿ. ಮುನ್ನೂರು ಪುಟದ ಆಸುಪಾಸಿನ ಒಂದು ಮಕ್ಕಳ ಪುಸ್ತಕ. ಎರಡು ಸಿನಿಮಾ ಅಂತ ಚಿತ್ರೀಕರಣ ಮಾಡಿ, 2012ರ ಜುಲೈನಲ್ಲಿ ಮೂರು ಅಂತ ಘೋಷಿಸಿದರು. ಮೊದಲ ಭಾಗ ಅದೇ ಡಿಸೆಂಬರ್‌ಗೆ ಬರಬೇಕಿತ್ತು! ಅದಕ್ಕೂ ಮುಂಚೆ, 2010ರಲ್ಲಿ, ಗಿಯೆರ್ಮೊ ಡೆಲ್ ಟೊರೊ ನಿರ್ದೇಶನ ಬಿಟ್ಟು ಹೋಗಿದ್ದರು. ಜಾಕ್ಸನ್‌ಗೆ ತಯಾರಿಗೆ ಸಮಯವೇ ಸಿಗಲಿಲ್ಲ. ಮುಂದಿನ ದೃಶ್ಯ ಹೇಗೆ ಅಂತ ಗೊತ್ತಿಲ್ಲದೆ ಸೆಟ್ಟಿಗೆ ಹೋಗುತ್ತಿದ್ದೆ ಅನ್ನುವ ಅರ್ಥದಲ್ಲಿ ಅವರೇ ಆಮೇಲೆ ಮಾತಾಡಿದ್ದಾರೆ. ಅದೇ ನಿರ್ದೇಶಕ, ಅದೇ ಲೋಕ, ಅದೇ ‘ಮೂರು’ ಅನ್ನುವ ಅಂಕಿ. ಒಂದು ಸಲ ಕಥೆ ಮೂರನ್ನ ಕೇಳಿತು, ಇನ್ನೊಂದು ಸಲ ಲೆಕ್ಕ ಕೇಳಿತು.

ಕೊನೆಯ ಪುಸ್ತಕವನ್ನ ಎರಡು ಸಿನಿಮಾ ಮಾಡುವ ಚಾಳಿಯೂ ಇದೇ ಜಾತಿ. ‘ಹ್ಯಾರಿ ಪಾಟರ್’ಗೆ ಅದು ಸರಿಹೋಯಿತು. ಅದನ್ನ ನೋಡಿ ಬೇರೆ ಸರಣಿಯವರೂ ಅದೇ ದಾರಿ ಹಿಡಿದರು. ‘ಡೈವರ್ಜೆಂಟ್’ ಸರಣಿಯವರು ಕೊನೆಯ ಪುಸ್ತಕದ ಮೊದಲರ್ಧವನ್ನ 2016ರಲ್ಲಿ ಬಿಟ್ಟರು. ಸೋತಿತು. ಇನ್ನರ್ಧ ಬರಲೇ ಇಲ್ಲ. ಆ ಸರಣಿಯ ಅಭಿಮಾನಿಗಳು ಇವತ್ತಿಗೂ ಮಧ್ಯಂತರದಲ್ಲೇ ಕೂತಿದ್ದಾರೆ.

ಇನ್ನು ನಿರ್ದೇಶಕನನ್ನ ಅವನ ಪಾಡಿಗೆ ಬಿಟ್ಟರೆ ಎಲ್ಲ ಸರಿ ಅನ್ನುವವರಿಗೆ: 2019ರ ‘ಜೋಕರ್’ 100 ಕೋಟಿ ಡಾಲರ್ ದಾಟಿತು. ಅದರ ಬಲದ ಮೇಲೆ ಟಾಡ್ ಫಿಲಿಪ್ಸ್ 2024ರಲ್ಲಿ ಎರಡನೇ ಭಾಗವನ್ನ ತಮಗೆ ಬೇಕಾದ ಹಾಗೆ, ಹಾಡುಗಳ ಸಿನಿಮಾ ಮಾಡಿದರು. ಸುಮಾರು 20 ಕೋಟಿ ಗಳಿಸಿತು. ಬರೀ ತಯಾರಿಕೆ ಖರ್ಚೇ ಹತ್ತಿರಹತ್ತಿರ ಅಷ್ಟಿತ್ತು. ಮೊದಲ ದಿನ ನೋಡಿ ಬಂದ ಪ್ರೇಕ್ಷಕರು ಸಿನಿಮಾಸ್ಕೋರ್ ಸಮೀಕ್ಷೆಯಲ್ಲಿ ಕೊಟ್ಟದ್ದು ‘ಡಿ’. ಕಾಮಿಕ್ಸ್ ಆಧಾರಿತ ಸಿನಿಮಾಗೆ ಅಷ್ಟು ಕೆಳಗಿನ ದರ್ಜೆ ಅದುವರೆಗೆ ಸಿಕ್ಕಿರಲಿಲ್ಲ.

ಟೈಟಲ್ ಕಾರ್ಡ್

ಆ ಎರಡನೇ ಜೋಕರ್ ನನಗೆ ಇಷ್ಟ. ಹೊಡೆಯಬೇಡಿ.

ಮೊದಲ ಭಾಗ ನೋಡಿ ಜೋಕರ್‌ನನ್ನ ಹೀರೋ ಮಾಡಿಕೊಂಡವರಿಗೆ ‘ಅವನು ಹೀರೋ ಅಲ್ಲ’ ಅಂತ ಹೇಳಿದ ಸಿನಿಮಾ ಅದು. ಗಿರಾಕಿಯ ಮುಖಕ್ಕೇ ಹೇಳುವುದು ಸುಲಭ ಅಲ್ಲ.

ಕತ್ತರಿ ಪ್ರಯೋಗ

ಹೇಳಲಿ. ಎರಡು ಗಂಟೆಗೂ ಜಾಸ್ತಿ ಹೊತ್ತು ಅದೊಂದನ್ನೇ ಹೇಳಬೇಕಿತ್ತಾ? ನನ್ನ ಪಕ್ಕದ ಸೀಟಿನವರು ಮಧ್ಯಂತರಕ್ಕೆ ಹೋದವರು ಬರಲೇ ಇಲ್ಲ. ಅವರ ಜಾಕೆಟ್ ಅಲ್ಲೇ ಇತ್ತು.

ಗುಂಡುಸೂಜಿ

ಜಾಕೆಟ್ ಬಿಟ್ಟು ಓಡಿದರಾ! ‘ಡಿ’ಗಿಂತ ಖಚಿತವಾದ ಸಮೀಕ್ಷೆ ಇದು.

ಮೂಕಪ್ರೇಕ್ಷಕ

ಹೆಸರಿಗೆ ತಕ್ಕ ಹಾಗೆ ಸುಮ್ಮನೆ ಓದುತ್ತಿದ್ದೆ. ಆದರೆ ‘ಅಭಿಮಾನಿಗಳು’ ಅಂತ ಎಲ್ಲರನ್ನೂ ಒಂದೇ ಗಂಟು ಕಟ್ಟುತ್ತಿರುವುದು ನೋಡಿ ಬರೆಯುತ್ತಿದ್ದೇನೆ. ‘ಸ್ನೈಡರ್ ಕಟ್ ಬಿಡುಗಡೆ ಮಾಡಿ’ ಅಂತ ವರ್ಷಗಟ್ಟಲೆ ಟ್ವೀಟ್ ಮಾಡಿದವರಲ್ಲಿ ನಾನೂ ಒಬ್ಬ.

ಗೊತ್ತಿಲ್ಲದವರಿಗೆ: ‘ಜಸ್ಟಿಸ್ ಲೀಗ್’ ಅನ್ನುವ ಸೂಪರ್‌ಹೀರೋ ಸಿನಿಮಾ ಮಾಡುತ್ತಿದ್ದಾಗ ನಿರ್ದೇಶಕ ಝ್ಯಾಕ್ ಸ್ನೈಡರ್ ಮಗಳನ್ನ ಕಳೆದುಕೊಂಡರು. 2017ರ ಮೇನಲ್ಲಿ ಸಿನಿಮಾದಿಂದ ಹೊರಗೆ ಬಂದರು. ಇನ್ನೊಬ್ಬ ನಿರ್ದೇಶಕ ಜಾಸ್ ವೀಡನ್ ಬಂದು ತುಂಬಾ ಭಾಗ ಹೊಸದಾಗಿ ಬರೆದು, ಮತ್ತೆ ಚಿತ್ರೀಕರಿಸಿದರು. ಎರಡು ಗಂಟೆ ಮೀರಬಾರದು ಅಂತ ಮೇಲಿನ ಆದೇಶ. ನವೆಂಬರ್‌ನಲ್ಲಿ ಬಂದ ಸಿನಿಮಾ ಯಾರದ್ದೂ ಆಗಿರಲಿಲ್ಲ. ಸೂಪರ್‌ಮ್ಯಾನ್‌ನ ಮೇಲ್ದುಟಿ ನೆನಪಿದೆಯಾ? ನಟ ಹೆನ್ರಿ ಕ್ಯಾವಿಲ್ ಬೇರೆ ಸಿನಿಮಾಗೆ ಮೀಸೆ ಬಿಟ್ಟಿದ್ದರು. ಆ ಸ್ಟುಡಿಯೋ ಬೋಳಿಸಲು ಬಿಡಲಿಲ್ಲ. ಮೀಸೆಯನ್ನ ಕಂಪ್ಯೂಟರ್‌ನಲ್ಲಿ ಅಳಿಸಿದರು.

ನಾವು ಕೇಳಿದ್ದು ನಮಗೆ ಬೇಕಾದ ಹಾಗೆ ಕಥೆ ಬದಲಿಸಿ ಅಂತಲ್ಲ. ನಿರ್ದೇಶಕ ಮಾಡಿದ್ದನ್ನ ಅವನು ಮಾಡಿದ ಹಾಗೇ ತೋರಿಸಿ ಅಂತ. ಆತ್ಮಹತ್ಯೆ ತಡೆಯುವ ಸಂಸ್ಥೆಗೆ ಅದೇ ಗುಂಪಿನವರು ಲಕ್ಷಾಂತರ ಡಾಲರ್ ಕೂಡಿಸಿಕೊಟ್ಟರು. 2021ರ ಮಾರ್ಚ್‌ನಲ್ಲಿ ನಾಲ್ಕು ಗಂಟೆಯ ಸಿನಿಮಾ ಒಟಿಟಿಯಲ್ಲಿ ಬಂತು. ನಾನು ರಜೆ ಹಾಕಿ ನೋಡಿದೆ. ಉದ್ದ ಜಾಸ್ತಿಯಾಯಿತು, ಒಪ್ಪುತ್ತೇನೆ. ಆದರೆ ಒಬ್ಬ ಮನುಷ್ಯ ಮಾಡಿದ್ದು ಅಂತ ಗೊತ್ತಾಗುತ್ತಿತ್ತು.

ಅದೇ ಗುಂಪಿನಲ್ಲಿ ಸ್ಟುಡಿಯೋದ ಜನರಿಗೆ, ವಿಮರ್ಶಕರಿಗೆ ಹೊಲಸು ಬರೆದವರೂ ಇದ್ದರು. ನಾನು ಅವರನ್ನ ತಡೆಯಲಿಲ್ಲ. ‘ನಾನೇನೂ ಬೈದಿಲ್ವಲ್ಲ’ ಅಂತ ಸುಮ್ಮನಿದ್ದೆ. ಇದು ಈಗಲೂ ಚುಚ್ಚುತ್ತದೆ.

ಫ್ರೇಮ್ 24

ಮೀಸೆ ವಿಷಯಕ್ಕೆ ನಮ್ಮವರ ಪರವಾಗಿ ಒಂದು ಮಾತು. ಮುಖದ ಚರ್ಮ ಹುಟ್ಟಿಸುವುದು ಈ ಕೆಲಸದಲ್ಲೇ ಅತಿ ಕಷ್ಟದ್ದು. ನಗುವಾಗ ತುಟಿಯ ಮೇಲಿನ ಚರ್ಮ ಹೇಗೆ ಮಡಚುತ್ತದೆ ಅಂತ ಹುಟ್ಟಿದಾಗಿನಿಂದ ನೋಡಿದ್ದೀರಿ. ಒಂದು ಕೂದಲೆಳೆ ತಪ್ಪಿದರೂ ಏನೋ ಸರಿಯಿಲ್ಲ ಅಂತ ನಿಮ್ಮ ಮಿದುಳು ಕಿರುಚುತ್ತದೆ. ಅಲ್ಲಿ ಇದ್ದ ಸುಲಭ ದಾರಿ ಎರಡೇ: ಮೀಸೆ ಬೋಳಿಸಲು ಬಿಡುವುದು, ಇಲ್ಲವೇ ಸಿನಿಮಾ ಮುಂದೂಡುವುದು. ಎರಡೂ ಆಗಲಿಲ್ಲ.

ನೋಡಿದಿರಾ, ಮತ್ತೆ ಕ್ಯಾಲೆಂಡರ್.

ಲೆಕ್ಕದ ಪುಸ್ತಕ

ಕ್ಯಾಲೆಂಡರ್ ಮೊದಲು, ಕಥೆ ಆಮೇಲೆ ಅನ್ನುವುದಕ್ಕೆ ನನ್ನ ಮೆಚ್ಚಿನ ಉದಾಹರಣೆ ಸೂಪರ್‌ಹೀರೋ ಸಿನಿಮಾ ಮಾಡುವ ಮಾರ್ವೆಲ್. 2014ರ ಅಕ್ಟೋಬರ್‌ನಲ್ಲಿ ವೇದಿಕೆ ಹತ್ತಿ ಮುಂದಿನ ನಾಲ್ಕೈದು ವರ್ಷದ ಸಿನಿಮಾಗಳ ಹೆಸರು, ದಿನಾಂಕ ಎಲ್ಲ ಹೇಳಿದರು. ಜನ ಸೀಟಿ ಹೊಡೆದರು. ಆ ಪಟ್ಟಿಯಲ್ಲಿ 2018ರ ನವೆಂಬರ್‌ಗೆ ‘ಇನ್‌ಹ್ಯೂಮನ್ಸ್’ ಇತ್ತು. ಆ ಸಿನಿಮಾ ಇವತ್ತಿಗೂ ಬಂದಿಲ್ಲ. 2017ರಲ್ಲಿ ಟಿವಿ ಧಾರಾವಾಹಿಯಾಗಿ ಬಂದು ಒಂದೇ ಸೀಸನ್‌ಗೆ ಮುಗಿಯಿತು. ಅಂದರೆ ಸೀಟಿ ಹೊಡೆಸಿಕೊಂಡದ್ದು ಒಂದು ಹೆಸರು ಮತ್ತು ಒಂದು ತಾರೀಕು.

ಆಗ ಅದು ನಡೆಯಿತು, ಯಾಕೆಂದರೆ ಉಳಿದವು ಗೆದ್ದವು. 2019ರ ‘ಎಂಡ್‌ಗೇಮ್’ ಸುಮಾರು 280 ಕೋಟಿ ಡಾಲರ್ ತಂದಿತು. ಅಲ್ಲಿಂದ ಒಟಿಟಿಗೂ ಸರಣಿ, ಚಿತ್ರಮಂದಿರಕ್ಕೂ ಸರಣಿ. ಒಂದು ಅರ್ಥವಾಗಬೇಕಾದರೆ ಮೂರು ನೋಡಿರಬೇಕು. 2023ರ ‘ದಿ ಮಾರ್ವೆಲ್ಸ್’ 21 ಕೋಟಿಯನ್ನೂ ಮುಟ್ಟಲಿಲ್ಲ. ಆಮೇಲೆ, ಆಗಿನ ಡಿಸ್ನಿ ಮುಖ್ಯಸ್ಥ ಬಾಬ್ ಐಗರ್ ವರ್ಷಕ್ಕೆ ಎರಡು, ಹೆಚ್ಚೆಂದರೆ ಮೂರು ಸಿನಿಮಾ ಸಾಕು ಅಂದರು. ಒಳ್ಳೆಯ ಮಾತು. ಆದರೆ ಅದನ್ನ ಹೇಳಿಸಿದ್ದು ಅಭಿಮಾನಿಯ ಬೈಗುಳ ಅಲ್ಲ, ನಿರ್ದೇಶಕನ ಅಳಲೂ ಅಲ್ಲ. ಖಾಲಿ ಸೀಟು.

ಇದರಲ್ಲೇ ಮೂಕಪ್ರೇಕ್ಷಕರಿಗೂ ಒಂದು ಮಾತಿದೆ. ಆನ್‌ಲೈನ್ ಗದ್ದಲ ಬೇರೆ, ಟಿಕೆಟ್ ಬೇರೆ. ‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ ಬಗ್ಗೆ ಕೆಟ್ಟ ಮಾತಾಡಿದವರನ್ನ ನಾನು ನೋಡಿಲ್ಲ. ಆರು ಆಸ್ಕರ್ ಬಂದವು. ಜಾರ್ಜ್ ಮಿಲ್ಲರ್ ಇನ್ನೊಂದು ಮಾಡಲಿ ಅಂತ ಎಲ್ಲರೂ ಒಂಬತ್ತು ವರ್ಷ ಜಪ ಮಾಡಿದರು. ಇನ್ನೊಬ್ಬರ ಜೊತೆ ಸೇರಿ ಬರೆದು, ಅವರೇ ನಿರ್ದೇಶಿಸಿ, 2024ರಲ್ಲಿ ‘ಫ್ಯೂರಿಯೋಸಾ’ ಕೊಟ್ಟರು. ಯಾರೂ ಕೈಹಾಕಿ ಕೆಡಿಸಿದ ಹಾಗೆ ಕಾಣುವುದಿಲ್ಲ. ಖರ್ಚು ಸುಮಾರು 17 ಕೋಟಿ, ಗಳಿಕೆಯೂ ಸುಮಾರು 17 ಕೋಟಿ. ಮೇಲಿನ ಲೆಕ್ಕದ ಪ್ರಕಾರ ದೊಡ್ಡ ನಷ್ಟ. ಜಪ ಮಾಡಿದವರೆಲ್ಲ ಎಲ್ಲಿ ಹೋದರು?

ಮೂಕಪ್ರೇಕ್ಷಕ

ಒಟಿಟಿಗೆ ಬರಲಿ ಅಂತ ಕಾಯುತ್ತಿದ್ದೆವು. ತಪ್ಪಾಯಿತು.

ಫ್ರೇಮ್ 24

ಖರ್ಚಿನ ಮಾತು ಬಂದಾಗ ‘ಗಾಡ್ಜಿಲ್ಲಾ ಮೈನಸ್ ಒನ್’ ಹೇಳದೆ ಹೋದರೆ ನನ್ನ ಕಸುಬಿಗೆ ಅವಮಾನ. 1954ರಿಂದ ಬಂದ ಸರಣಿ. 2023ರ ಆ ಸಿನಿಮಾ ಮಾಡಲು 1.5 ಕೋಟಿ ಡಾಲರ್ ಕೂಡ ಆಗಲಿಲ್ಲ ಅಂದರು ನಿರ್ದೇಶಕ ತಕಾಶಿ ಯಮಾಝಾಕಿ. ವಿಎಫ್‌ಎಕ್ಸ್ ಉಸ್ತುವಾರಿಯೂ ಅವರದ್ದೇ. 35 ಜನ ಸೇರಿ 610 ಶಾಟ್ ಮಾಡಿದರು. ಆಸ್ಕರ್ ಕೈಯಲ್ಲಿ ಹಿಡಿದು ಬಂದರು. ಬದಲಾವಣೆ ಬೇಕಾದರೆ ನಿರ್ದೇಶಕರೇ ಪಕ್ಕದ ಮೇಜಿಗೆ ಬಂದು ಹೇಳಬಹುದು. ನಮಗೆ ಆ ಮಾತು ಏಳು ಜನರ ಬಾಯಿ ದಾಟಿ, ಎರಡು ಸಮಯವಲಯ ದಾಟಿ ಬರುತ್ತದೆ. ಬರುವಷ್ಟರಲ್ಲಿ ಹಗಲು ರಾತ್ರಿಯಾಗಿರುತ್ತದೆ.

ಅಲ್ಲೂ ಕಡಿಮೆ ಸಂಬಳ, ಜಾಸ್ತಿ ಗಂಟೆ ಇಲ್ಲ ಅಂತ ನಾನು ಹೇಳುತ್ತಿಲ್ಲ. ಸುಮ್ನೆ ಅಲ್ಲಿನದ್ದೆಲ್ಲ ಚಿನ್ನ ಅನ್ನಬಾರದು. ಆದರೆ ಕಡಿಮೆ ದುಡ್ಡು ಹಾಕಿದ್ದಕ್ಕೆ ಸಿನಿಮಾಗೆ ಜಗತ್ತಿನ ಎಲ್ಲರನ್ನೂ ಮೆಚ್ಚಿಸುವ ಒತ್ತಡ ಇರಲಿಲ್ಲ. ಇದು ನಿಜ.

ಕತ್ತರಿ ಪ್ರಯೋಗ

ದುಡ್ಡು ಕಡಿಮೆ ಇದ್ದರೆ ದೃಷ್ಟಿ ಉಳಿಯುತ್ತದೆ ಅನ್ನುವುದನ್ನ ಅರ್ಧ ಒಪ್ಪುತ್ತೇನೆ. ಇನ್ನರ್ಧಕ್ಕೆ ‘ಬ್ಯಾಟ್‌ಗರ್ಲ್’ ಇದೆ. ದೊಡ್ಡ ಸೂಪರ್‌ಹೀರೋ ಸಿನಿಮಾಗಳ ಲೆಕ್ಕದಲ್ಲಿ ಸಣ್ಣ ಸಿನಿಮಾ, ಸುಮಾರು 9 ಕೋಟಿ. ಚಿತ್ರೀಕರಣ ಮುಗಿದಿತ್ತು. 2022ರ ಆಗಸ್ಟ್‌ನಲ್ಲಿ ಕಂಪನಿ ಅದನ್ನ ಬಿಡುಗಡೆಯೇ ಮಾಡಲ್ಲ ಅಂದಿತು. ತೆರಿಗೆ ಲೆಕ್ಕದಲ್ಲಿ ನಷ್ಟ ಅಂತ ಬರೆದುಕೊಂಡರು. ಅಭಿಮಾನಿ ನೋಡಲಿಲ್ಲ, ಬೈಯಲೂ ಇಲ್ಲ. ನಿರ್ದೇಶಕರ ಕೈಯಲ್ಲೂ ಸಿನಿಮಾ ಇಲ್ಲ. ಕೆಟ್ಟ ಸಿನಿಮಾ ಆಗಿದ್ದರೂ ಪರವಾಗಿರಲಿಲ್ಲ, ಬೈಯಲಿಕ್ಕಾದರೂ ಸಿಗುತ್ತಿತ್ತು.

ಸಹಿ ಹಾಕಿದವನು

ಹೊಸಬ. ಈ ಎಳೆಗಾಗಿಯೇ ಖಾತೆ ತೆರೆದೆ. ಹೆಸರು ಯಾಕೆ ಹೀಗೆ ಅಂತ ಹೇಳುತ್ತೇನೆ.

‘ಲಾಸ್ಟ್ ಜೆಡೈ’ ಬಂದಾಗ, ಅದನ್ನ ಅಧಿಕೃತ ಕಥೆಯಿಂದಲೇ ತೆಗೆದುಹಾಕಿ ಅಂತ ಆನ್‌ಲೈನ್‌ನಲ್ಲಿ ಒಂದು ಅರ್ಜಿ ಇತ್ತು. ಒಂದು ಲಕ್ಷಕ್ಕೂ ಜಾಸ್ತಿ ಸಹಿ ಬಿದ್ದವು. ಅದರಲ್ಲಿ ಒಂದು ನನ್ನದು. ಸೀಟಿನ ಮೇಡಂ ತಮ್ಮನಿಗಿಂತ ನಾನು ಕಡೆ. ಅವರು ಬರೀ ವಾದ ಮಾಡಿದರು.

ಆಗ ನನಗೆ ಮೂವತ್ತನಾಲ್ಕು. ಮಾಡಿದ್ದು ತಮಾಷೆಗಲ್ಲ. ಹಳೆಯ ‘ಸ್ಟಾರ್ ವಾರ್ಸ್’ನ ನಾಯಕ ಲ್ಯೂಕ್ ಸ್ಕೈವಾಕರ್ ನನಗೆ ಚಿಕ್ಕವನಿದ್ದಾಗಿನಿಂದ ಹೀರೋ. ಟಿವಿಯಲ್ಲಿ ಬಂದಾಗ ಟೇಪಿಗೆ ರೆಕಾರ್ಡ್ ಮಾಡಿಟ್ಟು, ಟೇಪು ಸವೆಯುವಷ್ಟು ನೋಡಿದ್ದೆ. ಅವನು ಮುದುಕನಾಗಿ, ಸೋತು, ದ್ವೀಪವೊಂದರಲ್ಲಿ ಅಡಗಿ ಕೂತದ್ದನ್ನ ನೋಡಿ ಯಾರೋ ನನ್ನ ಮನೆಗೆ ನುಗ್ಗಿ ಫೋಟೋ ಹರಿದ ಹಾಗಾಯಿತು. ಸಿಟ್ಟಿನ ಹಕ್ಕು ಇಲ್ವಾ ಅಂತ ನಿಮ್ಮ ತಮ್ಮ ಕೇಳಿದರಲ್ಲ, ಇದೆ. ಆ ಸಿಟ್ಟು ಸುಳ್ಳಲ್ಲ. ನಾನು ತಪ್ಪಿದ್ದು, ಸಿನಿಮಾ ನನ್ನದು ಅಂದುಕೊಂಡದ್ದರಲ್ಲಿ. ನೆನಪು ನನ್ನದು. ಸಿನಿಮಾ ನನ್ನದಾಗಿದ್ದು ಯಾವಾಗ?

ಈಗ ಮಗಳಿಗೆ ಹತ್ತು. ಹೋದ ರಜೆಯಲ್ಲಿ ಎಲ್ಲ ಭಾಗಗಳನ್ನೂ ಸಾಲಾಗಿ ನೋಡಿದೆವು. ಅವಳಿಗೆ ಯಾವುದು ಇಷ್ಟವಾಯಿತು ಅಂತ ನೀವು ಊಹಿಸಿರುತ್ತೀರಿ ಅಂದುಕೊಂಡರೆ, ತಪ್ಪು. ‘ಲಾಸ್ಟ್ ಜೆಡೈ’ ಅಲ್ಲ. 1999ರ ‘ಫ್ಯಾಂಟಮ್ ಮೆನೇಸ್’! ಜಾರ್ ಜಾರ್ ಬಂದಾಗಲೆಲ್ಲ ಬಿದ್ದು ಬಿದ್ದು ನಕ್ಕಳು. ಆ ಪಾತ್ರವನ್ನ ನಮ್ಮ ಪೀಳಿಗೆ ಬೈದ ಬೈಗುಳಕ್ಕೆ ಅದನ್ನ ಮಾಡಿದ ನಟ ಎಷ್ಟು ಕುಗ್ಗಿಹೋದರು ಅಂತ ಅವರೇ ವರ್ಷಗಳ ನಂತರ ಹೇಳಿಕೊಂಡಿದ್ದಾರೆ. ಅದೇ ಸಿನಿಮಾವನ್ನ 2024ರಲ್ಲಿ, 25 ವರ್ಷ ತುಂಬಿತು ಅಂತ ಚಿತ್ರಮಂದಿರಕ್ಕೆ ಮತ್ತೆ ತಂದರು. ಜನ ಹೋಗಿ ನೋಡಿದರು. ಹೋದವರಲ್ಲಿ ಎಷ್ಟೋ ಜನ ಆಗ ಬೈದವರೇ ಇರಬೇಕು.

ದ್ವೀಪದ ದೃಶ್ಯ ಬಂದಾಗ ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಅವಳು ಕೇಳಿದ್ದು ಒಂದೇ: ‘ಅಪ್ಪ, ಅವನು ಅಲ್ಲಿ ಏನು ತಿಂತಾನೆ?’

ಟೈಟಲ್ ಕಾರ್ಡ್

ಹಸಿರು ಹಾಲು. ಆ ದೃಶ್ಯದ ಬಗ್ಗೆಯೂ ಆಗ ಜಗಳ ಆಗಿತ್ತು.

ಕೊನೇ ಸಾಲಿನ ಸೀಟು

ಸಹಿ ಹಾಕಿದವರೇ, ನಿಮ್ಮ ಉತ್ತರವನ್ನ ತಮ್ಮನಿಗೆ ಫಾರ್ವರ್ಡ್ ಮಾಡಿದೆ. ತುಂಬಾ ಹೊತ್ತು ‘ಟೈಪಿಂಗ್’ ಅಂತ ತೋರಿಸಿತು. ಕೊನೆಗೆ ಬಂದದ್ದು ಒಂದು ಹೆಬ್ಬೆರಳು.

ನಾನೂ ಸ್ವಲ್ಪ ಬದಲಾಗಿದ್ದೇನೆ. 2019ರ ಆ ಭಾಗ ಅಭಿಮಾನಿಗಳಿಗೆ ಹೆದರಿ ಕೆಟ್ಟಿತು ಅಂತ ಬರೆದಿದ್ದೆ. ನಿಮ್ಮೆಲ್ಲರ ಮಾತು ಓದಿ ಮತ್ತೆ ಹುಡುಕಿದೆ. ಅದರ ಮೊದಲ ನಿರ್ದೇಶಕ ಕಾಲಿನ್ ಟ್ರೆವೊರೊ ಹೊರಗೆ ಹೋದದ್ದು 2017ರ ಸೆಪ್ಟೆಂಬರ್‌ನಲ್ಲಿ. ‘ಲಾಸ್ಟ್ ಜೆಡೈ’ ಬಂದದ್ದು ಡಿಸೆಂಬರ್‌ನಲ್ಲಿ. ಅಂದರೆ ಒಬ್ಬ ಅಭಿಮಾನಿಯೂ ಇನ್ನೂ ಬೈದಿರಲಿಲ್ಲ, ಆಗಲೇ ಮುಂದಿನ ಭಾಗ ದಾರಿ ತಪ್ಪಿತ್ತು. ಮೂರು ಭಾಗಕ್ಕೂ ಸೇರಿ ಒಂದು ಕಥೆ ಯಾರ ಕೈಯಲ್ಲೂ ಇರಲಿಲ್ಲ. ಯೋಜನೆ ಎಷ್ಟು ಮುಖ್ಯ ಅಂತ ಕಷ್ಟಪಟ್ಟು ಕಲಿತೆ ಅನ್ನುವ ಅರ್ಥದಲ್ಲಿ, ಕೊನೆಗೆ ಆ ಭಾಗ ನಿರ್ದೇಶಿಸಿದ ಜೆ.ಜೆ. ಅಬ್ರಾಮ್ಸ್ ಆಮೇಲೆ ಹೇಳಿದ್ದೂ ಸಿಕ್ಕಿತು. ಇದ್ದದ್ದು ಬಿಡುಗಡೆಯ ದಿನಾಂಕ ಮಾತ್ರ. ಫ್ರೇಮ್ 24 ಅವರಿಗೆ ಶರಣು.

ಆದರೂ ಆ ಒಂದೂವರೆ ನಿಮಿಷದ ಬಗ್ಗೆ ನನ್ನ ಸಿಟ್ಟು ಕಡಿಮೆಯಾಗಿಲ್ಲ. ಅದನ್ನ ಕ್ಯಾಲೆಂಡರ್ ಮೇಲೆ ಹಾಕಲು ನಾನು ತಯಾರಿಲ್ಲ.

ಈಗಷ್ಟೇ ತಮ್ಮನಿಂದ ಇನ್ನೊಂದು ಮೆಸೇಜು ಬಂತು. ಅವನ ಇನ್ನೊಂದು ಮೆಚ್ಚಿನ ಸರಣಿಯ ಮುಂದಿನ ಭಾಗ ಘೋಷಣೆ ಆಗಿದೆಯಂತೆ. ‘ಬರೆಯೋರು ಯಾರು?’ ಅಂತ ಕೇಳಿದೆ. ‘ಅದಿನ್ನೂ ಹೇಳಿಲ್ಲ, ಆದ್ರೆ ಡೇಟ್ ಬಂತು’ ಅಂದ. ರಜೆಗೆ ಅರ್ಜಿ ಹಾಕಿ ಆಯಿತಂತೆ. ನನ್ನ ಹೆಸರಲ್ಲೂ.